ಗಿಡದಲ್ಲೇ ಇರಲಿ

ಅಮೆರಿಕದ ಸ್ಯಾನ್ ರಮೋನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ ಗಿಡ ಆರಿಸುವುದನ್ನು ನೋಡಬೇಕಿತ್ತು. ನರ್ಸರಿಯಲ್ಲಿ ಒಂದೊಂದೇ ಕುಂಡ ಎತ್ತಿ, ಎಲೆ ಮಗುಚಿ, "ಅಕ್ಟೋಬರ್‌ಗೆ ಇದರ ಬಣ್ಣ ಏನು?" ಅಂತ ಕೇಳುತ್ತಿದ್ದರು. ಬೇಸಿಗೆ ಮುಗಿದು ಬೀದಿಯೆಲ್ಲ ಒಣಗಿ ನಿಂತಾಗ ಅವರ ಅಂಗಳದಲ್ಲಿ ಮಾತ್ರ ನೇರಳೆ ಆಸ್ಟರ್, ಹಳದಿ ಸೇವಂತಿಗೆ, ಬುಡದಲ್ಲಿ ನೆಲಕ್ಕೆ ಹಬ್ಬಿ ಕೆಂಪಾಗುವ ಸೆಡಮ್. ಯಾರು ಹೊಗಳಿದರೂ ಒಂದೇ ಮಾತು: "ನೋಡಿ, ಮುಟ್ಟಬೇಡಿ. ಗಿಡದಲ್ಲೇ ಇರಲಿ."

ಬೆಂಗಳೂರಿಂದ ಬಂದಿದ್ದ ಅಮ್ಮನಿಗೆ ಇದು ಗೊತ್ತಿರಲಿಲ್ಲ. ನವರಾತ್ರಿಯ ಬೆಳಿಗ್ಗೆ, ಅಲ್ಲಿ ಮಾಡುವಂತೆಯೇ, ಬೇಲಿಯಾಚೆ ಕೈಚಾಚಿ ಪೂಜೆಗೆ ನಾಲ್ಕು ಸೇವಂತಿಗೆ ಕಿತ್ತಳು. ಮಧ್ಯಾಹ್ನದೊಳಗೆ ಆಂಟಿ ಮನೆಯ ಕ್ಯಾಮೆರಾದ ವಿಡಿಯೋ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಬಂತು. "ಹೂ ಕದೀತಿರೋ ಇವರು ಯಾರ ಮನೆಯವರು?" ಹಿಂದಿನ ಸಂಜೆಯಷ್ಟೇ ಅಮ್ಮನನ್ನು ಕೂರಿಸಿ ಅರಿಶಿನ ಕುಂಕುಮ ಕೊಟ್ಟಿದ್ದವರು ಕೇಳಿದ ಪ್ರಶ್ನೆ ಅದು. ವಾಪಸ್ ಹೋಗುವವರೆಗೂ ಅಮ್ಮ ಆ ಕಡೆಯ ಕಿಟಕಿಯ ಪರದೆ ಸರಿಸಲಿಲ್ಲ.

ಮರುವರ್ಷ ಅದೇ ಹೊತ್ತಿಗೆ ಅಮ್ಮ ಬೆಂಗಳೂರಿನಲ್ಲಿ ತೀರಿಕೊಂಡಳು. ಸುದ್ದಿ ಕೇಳಿ ಆಂಟಿ ಬಂದರು. ತಮ್ಮ ಅಂಗಳದ ತುಂಬ ಅರಳಿದ್ದ ಹೂಗಳನ್ನು ದಾಟಿಕೊಂಡೇ ಬಂದರು. ನನ್ನ ಕೈ ಹಿಡಿದು ನಿಜವಾಗಿಯೇ ಅತ್ತರು. ಆಮೇಲೆ ಅಮ್ಮನ ಫೋಟೊದ ಮುಂದೆ ಸೇವಂತಿಗೆ ಇಟ್ಟರು. ಅಂಗಡಿಯದು, ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.