ಎಡೆಯ ಪಕ್ಕದಲ್ಲಿಟ್ಟ ಪೆಟ್ರೋಲ್ ಕಾಕ್

ಸತ್ತವರು ಎಡೆ ಉಣ್ಣಲು ಬರುತ್ತಾರೆ ಎಂದು ನಮ್ಮತ್ತೆ ಹೇಳಿದಾಗಲೆಲ್ಲ ಸೆರಗಿನ ಮರೆಯಲ್ಲಿ ನಕ್ಕವಳು ನಾನು. ಕೋಣೆಯೊಳಗೆ ಬಾಳೆಎಲೆ ಹಾಕಿ, ಹೋದವರಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ದೀಪ ಹಚ್ಚಿಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುವುದು ನಮ್ಮಲ್ಲಿ ವಾಡಿಕೆ. ಬಾಗಿಲು ತೆಗೆದ ಮೇಲೆ ಅತ್ತೆ ಎಲೆಯನ್ನು ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿ, "ನೋಡು, ಇಲ್ಲಿ ಬೆರಳಾಡ್ಸವ್ರೆ" ಎನ್ನುತ್ತಿದ್ದರು. ನನಗೆ ಕಾಣುತ್ತಿದ್ದುದು ಇರುವೆ ಸಾಲು ಮಾತ್ರ. ದೆವ್ವ, ಪಿಶಾಚಿ ಎಂದರೆ ನನಗೆ ಇವತ್ತಿಗೂ ನಗು ಬರುತ್ತದೆ. ಆದರೆ ಒಂದು ಸಂಜೆಯ ಸಂಗತಿಯನ್ನು ಮಾತ್ರ ನಗಾಡಿ ತಳ್ಳಿಹಾಕಲು ನನ್ನಿಂದ ಆಗಿಲ್ಲ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಕೊಡಗು ಆಗ ಬೇರೆಯೇ ಒಂದು ರಾಜ್ಯ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರಿನವರ ರಾಜ್ಯ. ಹಾರಂಗಿಗೆ ಅಣೆಕಟ್ಟು ಬರುವ ಮಾತೇ ಇರಲಿಲ್ಲ. ನಮ್ಮ ಮಾವನವರು ಹಾಸನದ ಕಡೆಯಿಂದ ಬಂದು ಸೇತುವೆಯ ಈಚೆ, ಹಾರಂಗಿ ಹೊಳೆಯ ಪಕ್ಕ ಗದ್ದೆ ಮಾಡಿಕೊಂಡಿದ್ದರು. ನಮ್ಮ ಯಜಮಾನರಿಗೆ ಮಾತ್ರ ನೇಗಿಲು ಒಗ್ಗಲಿಲ್ಲ. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕಲಿತು, ಯುದ್ಧ ಮುಗಿದ ಮೇಲೆ ಊರಿಗೆ ಬಂದು ಬಸ್ಸು, ಲಾರಿಗಳ ಕೆಳಗೆ ಮಲಗಿಕೊಂಡಿದ್ದರು. ಸಿದ್ದಾಪುರದ ಕಡೆಯ ಎಸ್ಟೇಟಿನ ಬಿಳಿ ದೊರೆಯೊಬ್ಬರು ಯುದ್ಧದಲ್ಲಿ ಮಿಕ್ಕ ಇಬ್ಬರು ಕೂರುವ ಹಳೆಯ ವಿಮಾನವೊಂದನ್ನು ಕೊಂಡು ನಮ್ಮೂರಾಚೆಯ ಹುಲ್ಲುಬಯಲಿನಲ್ಲಿ ಶೆಡ್ಡು ಹಾಕಿ ನಿಲ್ಲಿಸಿದರು. ಅದನ್ನು ನೋಡಿಕೊಳ್ಳುವ ಕೆಲಸ ಇವರ ಪಾಲಿಗೆ ಬಂತು. ಇವರ ಮುಖದ ಮೇಲೆ ಅಂಥ ಕಳೆಯನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಆ ವಿಮಾನಕ್ಕೆ ಒಂದು ರೋಗವಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ಹಿತ್ತಾಳೆಯ ನಲ್ಲಿಯೊಂದಿದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಪೆಟ್ರೋಲ್ ಕಾಕ್. ಅದರೊಳಗೆ ಬೆರಳ ತುದಿಯಷ್ಟು ದೊಡ್ಡ ಕಾರ್ಕಿನ ಬಿರಡೆ. ಸದಾ ಪೆಟ್ರೋಲಿನಲ್ಲಿ ನೆನೆದಿದ್ದರೆ ಅದು ಉಬ್ಬಿಕೊಂಡು ಭದ್ರವಾಗಿ ಕೂತಿರುತ್ತದೆ. ಟ್ಯಾಂಕು ಖಾಲಿ ಬಿಟ್ಟರೆ ಒಣಗಿ ಕುಗ್ಗುತ್ತದೆ. ಆಮೇಲೆ ಪೆಟ್ರೋಲ್ ತುಂಬಿದರೆ ತೊಟ್ಟು ತೊಟ್ಟಾಗಿ ಸೋರುವುದು, ಅದೂ ಹಾರಿಸುವವರ ಕಾಲ ಬುಡದಲ್ಲಿ. ಒಂದು ಕಿಡಿ ಬಿದ್ದರೆ ಮುಗಿಯಿತು. ದೊರೆ ಮಳೆಗಾಲ ಪೂರ್ತಿ ಟ್ಯಾಂಕು ಬರಿದು ಮಾಡಿ ನಿಲ್ಲಿಸುತ್ತಿದ್ದುದರಿಂದ, ಮಳೆಗಾಲ ಮುಗಿದಾಗಲೆಲ್ಲ ಕಾಕ್ ಬಿಚ್ಚಿ ಮನೆಗೆ ತಂದು ಹೊಸ ಕಾರ್ಕ್ ಕೂರಿಸುವುದು ಇವರ ವಾರ್ಷಿಕ ವ್ರತವಾಗಿತ್ತು.

ಹೊಸ ಕಾರ್ಕ್ ಎಲ್ಲಿಂದ? ದೊರೆಯ ಬಂಗಲೆಯ ಖಾಲಿ ಬಾಟಲಿಗಳಿಂದ. ಹೆಂಡದ ವಾಸನೆಗೇ ಮೂಗು ಮುರಿಯುವವರ ಜೇಬಿನ ತುಂಬ ಬಾಟಲಿ ಬಿರಡೆ. ಅಕ್ಕಪಕ್ಕದವರು ನನ್ನನ್ನು ಕಂಡು ಅಯ್ಯೋ ಪಾಪ ಅಂದದ್ದೂ ಉಂಟು. ಬಿರಡೆಯನ್ನು ನನ್ನ ಸಾರಿನ ಪಾತ್ರೆಯಲ್ಲೇ ಕುದಿಸಬೇಕು, ಬ್ಲೇಡಿನಿಂದ ಕೆತ್ತಬೇಕು, ಮರಳು ಕಾಗದದಲ್ಲಿ ಉಜ್ಜಬೇಕು. ಕೂರಿಸಿದ ಮೇಲೆ ಕಾಕಿಗೆ ಬಾಯಿಟ್ಟು ಊದಬೇಕು. ಉಸಿರು ಆಚೆ ಹೋಯಿತೋ, ಮತ್ತೆ ಬಿಚ್ಚಬೇಕು. ಅಷ್ಟರಲ್ಲಿ ನಾನು ಬಡಿಸಿಟ್ಟ ಮುದ್ದೆ ಕಲ್ಲಾಗಿರುತ್ತಿತ್ತು. "ಏಳ್ರೀ, ಊಟ ಆರೋಯ್ತು" ಎಂದರೆ ತಲೆ ಎತ್ತದೆ ಒಂದೇ ಉತ್ತರ: "ಇದೊಂದು ಮುಗ್ಸಿ ಬತ್ತೀನಿ ಕಣೆ." ನಮ್ಮ ಸಂಸಾರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು ಅದು.

ಆ ವರ್ಷ ದೊರೆ ಎಸ್ಟೇಟು ಮಾರಿ ತಮ್ಮ ದೇಶಕ್ಕೆ ಹೊರಟಿದ್ದರು. ವಿಮಾನವನ್ನು ತಾವೇ ಹಾರಿಸಿಕೊಂಡು ಹೋಗಿ ಬೆಂಗಳೂರಿನವರೊಬ್ಬರಿಗೆ ಒಪ್ಪಿಸಬೇಕಿತ್ತು. ಇವರು ಕಾಕ್ ಬಿಚ್ಚಿ ಮನೆಗೆ ತಂದ ದಿನವೇ ಚಳಿಜ್ವರ ಹತ್ತಿತು. ನಮ್ಮ ಕಡೆ ಆಗ ಚಳಿಜ್ವರ ಬಾರದ ಮನೆಯಿರಲಿಲ್ಲ, ಹಾಗಾಗಿ ನಾನು ಹೆದರಲಿಲ್ಲ. ಹಾಸಿಗೆಯಲ್ಲೇ ಕಂಬಳಿ ಹೊದ್ದು ಕೂತು, ನಡುಗುವ ಕೈಯಲ್ಲೇ ಕಾರ್ಕ್ ಕೆತ್ತಲು ಶುರುಮಾಡಿದರು. ಗಂಜಿ ತಂದು ಮುಂದಿಟ್ಟೆ. "ಇದೊಂದು ಮುಗ್ಸಿ ಕುಡೀತೀನಿ ಕಣೆ" ಎಂದರು. ಗಂಜಿ ಹಾಗೇ ಉಳಿಯಿತು. ಜ್ವರ ತಲೆಗೇರಿ ಎಚ್ಚರ ತಪ್ಪಿತು. ಮಡಿಕೇರಿಗೆ ಕರೆದೊಯ್ಯುವ ದಾರಿಯಲ್ಲೇ, ನನ್ನ ತೊಡೆಯ ಮೇಲೆ, ಹೋಗಿಬಿಟ್ಟರು.

ನನಗೆ ಒಂದು ಮಾತು ಹೇಳಲಿಲ್ಲ. ಹೋಗಿ ಬರುತ್ತೇನೆ ಅನ್ನಲಿಲ್ಲ. ಅವರೊಂದಿಗೆ ಬಾಳಿದವಳಿಗೆ ಕೊನೆಗೆ ದಕ್ಕಿದ್ದು ಒಂದು ಬಿರಡೆಯ ಮಾತು. ಅಳುವಿಗಿಂತ ಹೆಚ್ಚಾಗಿ ಆ ಸಂಕಟ ನನ್ನನ್ನು ತಿನ್ನುತ್ತಿತ್ತು.

ತಿಥಿಯ ದಿನ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾಣು ಬೆಳಿಗ್ಗೆಯೇ ಬಂದಿದ್ದರು. ಮಲಯಾಳಿ, ನನ್ನನ್ನು ಅಕ್ಕ ಅನ್ನುವ ಬದಲು ಚೇಚಿ ಎಂದೇ ಕರೆಯುವವರು. ಕಾಕಿನ ಬಿಡಿ ಭಾಗಗಳನ್ನು ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸುವುದೆಂದು ದೊರೆ ಹೇಳಿಕಳಿಸಿದ್ದರು. ಅವು ಕಿಟಕಿಯ ಕಟ್ಟೆಯ ಮೇಲೆ ಒಂದು ಕಾಫಿ ಸಾಸರಿನಲ್ಲಿ ಇವರು ಬಿಟ್ಟ ಹಾಗೆಯೇ ಇದ್ದವು. ನಾಣು ಒಂದೊಂದನ್ನೇ ಎತ್ತಿ ನೋಡಿ, ಹೊರಡುವಾಗ ಒಯ್ಯುವುದಾಗಿ ಹೇಳಿ ಅಲ್ಲೇ ಇಟ್ಟರು.

ಸಂಜೆ ಎಡೆ ಇಟ್ಟೆವು. ಮುದ್ದೆ, ಕೋಳಿ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. "ಇನ್ನೇನಾರ ಇಷ್ಟ ಇತ್ತೇನವ್ವ ಅವ್ನಿಗೆ?" ಎಂದು ಅತ್ತೆ ಕೇಳಿದರು. ನಾನು ಎದ್ದು ಹೋಗಿ ಆ ಸಾಸರನ್ನು ತಂದು ಎಲೆಯ ಪಕ್ಕದಲ್ಲಿಟ್ಟೆ. ಹಿತ್ತಾಳೆಯ ಒಡಲು, ಹಿಡಿ, ಸ್ಕ್ರೂ, ಅರ್ಧ ಕೆತ್ತಿದ ಒಣ ಕಾರ್ಕು.

"ಎಡೆಗ್ಯಾಕವ್ವ ಈ ಸಾಮಾನು?"

"ಇದು ಮುಗೀದೆ ಅವ್ರು ಊಟಕ್ಕೆ ಏಳಲ್ಲ ಅತ್ತೆ."

ಸಿಟ್ಟಿನಲ್ಲೇ ಅಂದೆ. ನಂಬಿಕೆ ಇಲ್ಲದವಳಿಗೂ ಆಸೆ ಇರುತ್ತದೆ. ಬರುವುದೇ ನಿಜವಾದರೆ ನನ್ನ ಕೈಯ ಒಂದು ತುತ್ತು ಉಂಡು ಹೋಗಲಿ, ಮುದ್ದೆಯ ಮೇಲೆ ಒಂದು ಬೆರಳ ಗುರುತು ಸಾಕು, ಅದನ್ನೇ ನನಗೆ ಹೇಳಿದ ಮಾತು ಅಂದುಕೊಳ್ಳುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ.

ಕಿಟಕಿಯ ಕದ ಹಾಕಿ, ಬಾಗಿಲು ಮುಚ್ಚಿ, ಅತ್ತೆಯೂ ನಾನೂ ಅದಕ್ಕೇ ಬೆನ್ನು ಕೊಟ್ಟು ಕೂತೆವು. ಉಳಿದವರೆಲ್ಲ ಅಂಗಳದಲ್ಲಿದ್ದರು. "ಬಾಗ್ಲು ಹಾಕುದ್ಮೇಲೆ ತುಟಿಪಿಟಿಕ್ ಅನ್ನಂಗಿಲ್ಲ. ಕರುದ್ರೆ ಉಣ್ಣೋದ್ ಬಿಟ್ಟು ಎದ್ದೋಗ್ಬುಡ್ತಾರೆ" ಎಂದು ಅತ್ತೆ ಮೊದಲೇ ಎಚ್ಚರಿಸಿದ್ದರು. ಅದು ಅವರ ಬಿಗಿಯಾದ ಕಟ್ಟಳೆ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ಸದ್ದು ಬಂತು. ಮೊದಲು ಇಲಿ ಅಂದುಕೊಂಡೆ. ಇಲಿಯಲ್ಲ. ಮರಳು ಕಾಗದದಲ್ಲಿ ಏನನ್ನೋ ಉಜ್ಜುವ ಸದ್ದು. ಸ್ವಲ್ಪ ಉಜ್ಜುವುದು, ನಿಲ್ಲುವುದು, ಮತ್ತೆ ಉಜ್ಜುವುದು. ಆಮೇಲೆ ಸಾಸರಿಗೆ ಹಿತ್ತಾಳೆ ತಾಗಿದ ಸದ್ದು. ಬಾಗಿಲ ಸಂದಿಯಿಂದ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮನೆಯಲ್ಲಿ ಆಗ ಒಂದು ತೊಟ್ಟು ಪೆಟ್ರೋಲ್ ಇರಲಿಲ್ಲ. ಅತ್ತೆಯ ಕಡೆ ನೋಡಿದೆ. ಅವರಿಗೂ ಕೇಳಿಸಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ತಡೆಯಲು ಎಷ್ಟು ಪಾಡುಪಟ್ಟರೋ, ಕೊನೆಗೆ ಆಗಲಿಲ್ಲ.

"ಮಗಾ... ಬಂದ್ಯಾ?"

ಸದ್ದು ನಿಂತುಹೋಯಿತು. ನಾವು ಕತ್ತಲಾಗುವ ತನಕ ಕೂತೆವು. ಮತ್ತೆ ಏನೂ ಕೇಳಲಿಲ್ಲ.

ಬಾಗಿಲು ತೆಗೆದವಳು ನಾನೇ. ದೀಪ ಉರಿಯುತ್ತಿತ್ತು. ಕಿಟಕಿಯ ಅಗಳಿ ಹಾಕಿದ ಹಾಗೆಯೇ ಇತ್ತು. ಮೊದಲು ನೋಡಿದ್ದು ಮುದ್ದೆಯನ್ನು. ನಾನು ಕಟ್ಟಿಟ್ಟಷ್ಟೇ ದುಂಡಗೆ, ನುಣ್ಣಗೆ ಕೂತಿತ್ತು. ಒಂದು ಗುರುತೂ ಇಲ್ಲ. ಆಮೇಲೆ ಸಾಸರನ್ನು ನೋಡಿದೆ. ಕಾಕ್ ಇಡಿಯಾಗಿತ್ತು. ಪಕ್ಕದಲ್ಲಿ ಚಿಟಿಕೆಯಷ್ಟು ಕಾರ್ಕಿನ ಪುಡಿ. ಕೈಗೆತ್ತಿಕೊಂಡು, ಅವರು ಮಾಡುತ್ತಿದ್ದ ಹಾಗೆ ಬಾಯಿಟ್ಟು ಊದಿದೆ. ಕೆನ್ನೆ ನೋಯುವಷ್ಟು ಊದಿದೆ. ಉಸಿರು ಆಚೆ ಹೋಗಲಿಲ್ಲ. ನನ್ನ ತುಟಿಯೆಲ್ಲ ಪೆಟ್ರೋಲಾಯಿತು. ಅಲ್ಲೇ ಕುಸಿದು ಕೂತು, ಅವರು ಹೋದ ದಿನವೂ ಅಳದಷ್ಟು ಅತ್ತುಬಿಟ್ಟೆ.

ರೈಟರ್ ನಾಣು ಒಳಗೆ ಬಂದವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೇಚೀ, ಬೆಳಿಗ್ಗೆ ನಾನು ನೋಡುವಾಗ ಇದು ಪೀಸ್ ಪೀಸ್ ಅಲ್ವಾ ಇದ್ದದ್ದು? ಯಾರು ಫಿಟ್ ಮಾಡಿದ್ದು?" ಎಂದರು. ಅತ್ತೆ ಎಡೆಯ ಕಡೆ ತಿರುಗಿ ಕೈ ಮುಗಿದರು. ನಾಣು ಕಾಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು. ವಿಮಾನಕ್ಕೆ ಜೋಡಿಸಿ ಪೆಟ್ರೋಲ್ ತುಂಬಿಟ್ಟರೆ ಒಂದು ತೊಟ್ಟೂ ಸೋರಲಿಲ್ಲವಂತೆ. ಕೆಲವು ದಿನಗಳ ಮೇಲೆ ಅದು ನಮ್ಮ ಮನೆಯ ಮೇಲೆಯೇ ಹಾರಿ ಬೆಂಗಳೂರಿನ ಕಡೆ ಹೋಯಿತು. ಅತ್ತೆ ಅಂಗಳಕ್ಕೆ ಬಂದು, ಮಗನನ್ನು ಬಸ್ಸು ಹತ್ತಿಸುವವರ ಹಾಗೆ, ಅದು ಕಣ್ಮರೆಯಾಗುವ ತನಕ ಕೈಯೆತ್ತಿ ನಿಂತಿದ್ದರು.

ಅದು ಹೇಗೆ ನಡೆಯಿತೆಂದು ನಾನು ಯೋಚಿಸದ ದಾರಿಯಿಲ್ಲ. ದುಃಖದ ಮಂಕಿನಲ್ಲಿ ನಾನೇ ಜೋಡಿಸಿಟ್ಟು ಮರೆತೆನೇ? ನನಗೆ ಆ ಕೆಲಸ ಬಾರದು. ಯಾರಾದರೂ ಒಳಗೆ ನುಗ್ಗಿದರೇ? ಇದ್ದ ಒಂದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತವರು ನಾವು. ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ. ಅವರನ್ನು ಕೊರೆಯುತ್ತಿದ್ದುದು ಬೇರೆ. "ನಾನು ಕರೀಬಾರ್ದಿತ್ತು ಕಣವ್ವ. ಕೆಲ್ಸ ಮುಗ್ದಿತ್ತು. ಇನ್ನೇನು ಉಣ್ಣಕ್ಕೆ ಕೂರ್ತಿದ್ದ" ಎಂದು ಸಾಯುವ ತನಕ ಹೇಳುತ್ತಿದ್ದರು. ಇಲ್ಲ ಅತ್ತೆ, ಹಂಗೇನಿಲ್ಲ ಎಂದು ಸಮಾಧಾನ ಮಾಡುತ್ತಿದ್ದೆ. ನಂಬದವಳು ನಂಬಿದವರಿಗೆ ಯಾವ ಬಾಯಲ್ಲಿ ಸಮಾಧಾನ ಹೇಳುವುದು?

ಈಗ ಅತ್ತೆಯೂ ಇಲ್ಲ. ಎಡೆ ಇಡುವವಳು ನಾನೊಬ್ಬಳೇ. ಎಲೆಯ ಪಕ್ಕದಲ್ಲಿ ಪ್ರತಿ ವರ್ಷ ಒಂದು ಕೆಟ್ಟ ಸಾಮಾನು ಇಡುತ್ತೇನೆ. ಸೀಮೆಎಣ್ಣೆ ಸ್ಟೌ ಇಟ್ಟೆ, ಹೊಲಿಗೆ ಯಂತ್ರದ ತಲೆ ಇಟ್ಟೆ, ಈ ಸಲ ನಿಂತುಹೋದ ಗೋಡೆ ಗಡಿಯಾರ ಇಟ್ಟಿದ್ದೆ. ಯಾವುದೂ ರಿಪೇರಿಯಾಗಿಲ್ಲ. ಬಾಗಿಲ ಹೊರಗೆ ಕೂತು ನಾನು ಉಸಿರು ಬಿಗಿಹಿಡಿದು ಕೇಳುತ್ತೇನೆ, ಕರೆಯುವುದಿಲ್ಲ. ಅವರಾಗಿಯೇ ಕೆಲಸ ಮುಗಿಸಿ ಏಳಲಿ, ಊಟ ಆರಿದರೂ ಚಿಂತೆಯಿಲ್ಲ.