ಅಪ್ಪ ಬೇಡವೆಂದ ಸಾಲು

ಅಪ್ಪಾಜಿಯನ್ನು ಅವರೇ ಕಟ್ಟಿಸಿದ ಮನೆಯಿಂದ ಎಬ್ಬಿಸಿದವಳು ನಾನು. ದಾವಣಗೆರೆಯ ನಮ್ಮ ನೆಂಟರು ಮದುವೆ ಊಟದ ಪಂಕ್ತಿಯಲ್ಲೂ ಇದನ್ನೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರ್ಯಾರೂ ಒಂದು ದಿನ ಬಂದು ನನ್ನ ತಮ್ಮನಿಗೆ ಸ್ನಾನ ಮಾಡಿಸಿದವರಲ್ಲ.

ತಮ್ಮನಿಗೆ ನಲವತ್ತು ದಾಟಿದೆ, ಬುದ್ಧಿ ಮಾತ್ರ ನಾಲ್ಕು ವರ್ಷದ ಮಗುವಿನದು. ಅವ್ವ ತೀರಿಕೊಂಡ ಮೇಲೆ ಅವನನ್ನು ಹರಿಹರಕ್ಕೆ, ನನ್ನ ಮನೆಗೆ ಕರೆತಂದೆ. ಆಗಲೇ ಅಪ್ಪಾಜಿ ದಾವಣಗೆರೆ ಕೆ.ಬಿ. ಬಡಾವಣೆಯ ಮಹಡಿ ಮನೆಯನ್ನು ಅವನಿಗಾಗಿ ಟ್ರಸ್ಟ್ ಮಾಡಿ, ನನ್ನನ್ನು ಟ್ರಸ್ಟಿಯಾಗಿ ಕೂರಿಸಿದರು. ಮನೆಯಿಂದ ಬರುವುದೆಲ್ಲ ಅವನ ಊಟ, ಔಷಧಿ, ಆರೈಕೆಗೆ. ಬೇರೆ ಯಾರಿಗೂ ಅಲ್ಲ. ಬರೆಸುವ ದಿನ ವಕೀಲರು, "ಯಜಮಾನ್ರೇ, ನೀವಿರೋ ತನಕ ಕೆಳಗಿನ ಮನಿ ನಿಮಗೇ ಅಂತ ಒಂದು ಸಾಲು ಹಾಕ್ಲೇನ್ರಿ?" ಎಂದು ಕೇಳಿದರು. ಅಪ್ಪಾಜಿಗೆ ಸಿಟ್ಟೇ ಬಂತು.

"ಕೊಟ್ಟ ಮ್ಯಾಲೆ ಮುಗೀತು. ಅರ್ಧ ಕೈಯಾಗೆ ಇಟ್ಕಂಡು ಕೊಡೋದು ಎಂಥ ಕೊಡೋದು? ನನ್ನ ಮಗನ ಮನ್ಯಾಗಿಂದ ನನ್ನ ಎಬ್ಬಿಸೋರು ಯಾರದಾರೆ?"

ಪಕ್ಕದಲ್ಲೇ ಕೂತಿದ್ದೆ. ಹಾಕಿಸಿ ಅಂತ ಒಂದು ಮಾತು ಆಡಲಿಲ್ಲ. ಅಪ್ಪನ ದೊಡ್ಡತನ ನೋಡಿ ಹೆಮ್ಮೆಪಡುತ್ತಿದ್ದೆನಲ್ಲ, ದಡ್ಡಿ!

ಟ್ರಸ್ಟಿ ಅಂದರೆ ಬರೀ ಸಹಿ ಹಾಕುವ ಕೆಲಸ ಅಂದುಕೊಂಡಿದ್ದೆ. ಆಡಿಟರ್ ಹತ್ತಿರ ಓಡು, ಕಂದಾಯ ಕಟ್ಟು, ಸೋರುವ ತಾರಸಿ ಮಾಡಿಸು. ಸಂಬಳವಿಲ್ಲದ ಚಾಕರಿ, ಗೊಣಗಿಕೊಂಡೇ ಮಾಡಿದೆ. ನಿಜವಾದ ಕಷ್ಟ ಬಂದದ್ದು ಹೋದ ವರ್ಷ, ತಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ. ಅವನನ್ನು ನೋಡಿಕೊಳ್ಳಲು ಗುತ್ತೂರಿನಿಂದ ಒಬ್ಬ ಹೆಂಗಸು ಬರತೊಡಗಿದಳು. ಅವಳಿಲ್ಲದೆ ಅವನನ್ನು ಮಗ್ಗುಲಿಗೆ ಹೊರಳಿಸಲೂ ನನ್ನೊಬ್ಬಳ ಕೈಲಾಗದು. ಮಹಡಿಯ ಬಾಡಿಗೆಯಲ್ಲಿ ಅವಳ ಸಂಬಳ ಹುಟ್ಟುತ್ತಿರಲಿಲ್ಲ. ಅದೇ ಹೊತ್ತಿಗೆ, ಮಹಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಮಕ್ಕಳ ಡಾಕ್ಟರು ಫೋನ್ ಮಾಡಿದರು. "ಕೂಸುಗಳನ್ನ ಎತ್ಕಂಡು ಮೆಟ್ಲು ಹತ್ತಾಕೆ ಆಗಲ್ಲ ಅಂತಾರೆ ಮೇಡಂ. ಕೆಳಗಿಂದೂ ಸೇರಿಸಿ ಕೊಡ್ರಿ, ಬಾಡಿಗೆ ಡಬಲ್ ಕೊಡ್ತೀನಿ. ಆಗಲ್ಲಂದ್ರೆ ಬ್ಯಾರೆ ಕಡೆ ನೋಡ್ಕಂತೀನಿ."

ಕೆಳಗೆ ಇದ್ದವರು ಅಪ್ಪಾಜಿ.

ಹದಿನೈದು ದಿನ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಬಸ್ಸು ಹತ್ತಿ ಹೋಗಿ, ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ.

"ಹರಿಹರಕ್ಕೆ ಬರ್ರಿ ಅಪ್ಪಾಜಿ, ನಮ್ಮ ಮನ್ಯಾಗೆ ಇರ್ರಿ."

"ಮಗಳ ಮನ್ಯಾಗೆ ಬಿದ್ದಿರೋ ಗತಿ ನನಗಿನ್ನೂ ಬಂದಿಲ್ಲ. ನಾ ಏಳಲ್ಲ ಅಂದ್ರೆ ಏನ್ ಮಾಡ್ತಿ? ಪೊಲೀಸ್ರನ್ನ ಕರೆಸ್ತೀಯಾ?"

ನನಗೆ ರೇಗಿತು. "ನನಗೇನು ಆಸೆನಾ ಇದು? ನೀವೇ ತಂದು ನನ್ನ ಕೊರಳಿಗೆ ಕಟ್ಟಿದ್ರಿ! ಈ ಮನಿ ನಿಮ್ದೂ ಅಲ್ಲ, ನಂದೂ ಅಲ್ಲ, ಅವನ್ದು. ಅವನಿಗೆ ಕೇಳಾಕೆ ಬಾಯಿಲ್ಲ. ಅದಕ್ಕೇ ನಾನು ಕೇಳ್ತಿದೀನಿ."

ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಅವನು ಈಗ ಎದ್ದು ಕೂಡ್ತಾನೇನು?" ಎಂದರು.

"ಹಿಡ್ಕಂಡ್ರೆ ಕೂಡ್ತಾನೆ."

ಅಷ್ಟೇ. ಮುಂದಿನ ತಿಂಗಳು ಹರಿಹರದಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿ, ತಾವೇ ಒಂದು ಕೋಣೆ ಹಿಡಿದರು. ನನ್ನ ಮನೆಗೆ ಎರಡು ಓಣಿ ಆಚೆ. ಎಷ್ಟು ಅತ್ತರೂ ಗೋಗರೆದರೂ ಮಗಳ ಮನೆಗೆ ಬರಲು ಒಪ್ಪಲಿಲ್ಲ.

ಮನೆ ಖಾಲಿ ಮಾಡಿದ ದಿನ ಟ್ರಂಕನ್ನು ಆಟೋಗೆ ಹಾಕಿಸಿ ಒಳಗೆ ಬಂದರು. ಕೀಲಿಗಳನ್ನು ಮೇಜಿನ ಮೇಲಿಟ್ಟರು.

"ಮುಟ್ಟಿದ್ದಕ್ಕೆ ಒಂದು ಚೀಟಿ ಬರಿ. ಟ್ರಸ್ಟಿನ ಫೈಲ್‌ನಾಗೂ ಇರ್ಲಿ, ನಾಳೆ ಯಾರೂ ನಿನ್ನ ಕೇಳಬಾರ್ದು."

'ನಮ್ಮ ತಂದೆಯವರಿಂದ ಮನೆಯ ಕೀಲಿಗಳು ಮುಟ್ಟಿವೆ' ಎಂದು ಬರೆದು ಸಹಿ ಹಾಕಿದೆ. ಅಪ್ಪಾಜಿ ಕನ್ನಡಕ ಹಾಕಿಕೊಂಡು ಓದಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

"ಇದ್ರಾಗೆ ತಂದೆ ಯಾಕೆ ಬಂದ? ಹೊಡ್ದು ಹಾಕು. ಹೆಸರು ಬರಿ."

ಅವರ ಕಣ್ಣೆದುರಿಗೇ ಆ ಪದದ ಮೇಲೆ ಗೆರೆ ಎಳೆದೆ.

"ಇನ್ನೂ ಕಾಣ್ತೈತೆ" ಎಂದರು.

ಇನ್ನೊಂದು ಗೆರೆ ಎಳೆದೆ.