ನಕ್ಷೆಯಲ್ಲಿ ಇಲ್ಲದ ಹಗೇವು

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಮುಚ್ಚಳ ತೆಗೆದೆ. ತಳದಲ್ಲಿ ತೇವ ಸೇರಿ ಜೋಳ ಮುಗ್ಗು ಹಿಡಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಬ್ಬಿ ಸಮೇತ ಎರಡು ಹೆಜ್ಜೆ ಹಿಂದೆ ಸರಿದೆ. ಮುಗ್ಗಿದ ಜೋಳಕ್ಕೆ ಇಷ್ಟು ಹೆದರುವ ಹೆಂಗಸು ಇಡೀ ಬಸವಕಲ್ಯಾಣದಲ್ಲಿ ನಾನೊಬ್ಬಳೇ ಇರಬೇಕು. ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಮಾಣಿಕನಗರದ ಗಿರಾಕಿಯೊಬ್ಬರು ಹಳೆಯ ಮನೆಯ ಹಿಂದೆ ಎರಡು ಕೋಣೆ ಕೂಡಿಸಬೇಕೆಂದು ಮೊಬೈಲಿನಲ್ಲೇ ಫೋಟೊ, ಅಳತೆ ಎಲ್ಲ ಕಳಿಸಿದ್ದರು. ನಾನೂ ಜಾಗ ನೋಡದೆ ನಕ್ಷೆ ಮುಗಿಸಿದ್ದೆ, ಕಳಿಸುವುದೊಂದೇ ಬಾಕಿ. ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ನೀವೂ ಸ್ವಲ್ಪ ಕೂಡಿ, ಯಾಕೆಂದು ಹೇಳುತ್ತೇನೆ.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ನಾನು ಖಾಜಾ ಉಸ್ತಾದರ ಬಳಿ ನಕ್ಷೆ ಬರೆಯುತ್ತಿದ್ದೆ. ಅವರು ಕಟ್ಟುವವರು, ನಾನು ಗೀಚುವವಳು. ಯಾವ ಅಂಗಳಕ್ಕೆ ಹೋದರೂ ಟೇಪು ಬಿಚ್ಚುವ ಮೊದಲು ಉಸ್ತಾದರು ಜಾಲಿಯ ಬಡಿಗೆಯೊಂದರಿಂದ ನೆಲ ಬಡಿಯುತ್ತ ಒಂದು ಸುತ್ತು ಹಾಕುತ್ತಿದ್ದರು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನೆಲದಡಿ ಹಗೇವು ಇರುತ್ತವೆ. ಜೋಳ ತುಂಬಿಡಲು ತೋಡಿದ ಆಳದ ಕುಳಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣು ಎಳೆದರೆ ಮೊಮ್ಮಕ್ಕಳ ಕಾಲಕ್ಕೆ ಅದು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ. ಅಂಥ ಕಡೆ ಗುದ್ದಲಿ ಹಾಕಿದವನು ಮಣ್ಣಿನ ಸಮೇತ ಒಳಗೆ ಹೋಗುತ್ತಾನೆ. ಒಳಗಿನ ಗಾಳಿ ಕೆಟ್ಟಿರುತ್ತದೆ, ಮೇಲೆ ಬರುವುದು ಅನುಮಾನ. ಬಡಿಗೆಯ ಸದ್ದು ಪೊಳ್ಳಾಗಿ ಕೇಳಿದ ಕಡೆ ಉಸ್ತಾದರು ನಿಂತುಬಿಡುತ್ತಿದ್ದರು.

ನನ್ನ ಕಷ್ಟ ಬೇರೆ. ಗಿರಾಕಿಗಳಿಗೆ ನನ್ನ ನಕ್ಷೆ ತಿಳಿಯುತ್ತಿರಲಿಲ್ಲ. ‘ಇದೇನವ್ವ, ರಂಗೋಲಿ ಹಾಕಿ ಕೊಟ್ಟಿಯಲ್ಲ. ಮನಿ ಎಲ್ಲಿ ಅದ?’ ಎಂದು ಒಬ್ಬರು ಕೇಳಿಯೇಬಿಟ್ಟರು. ಹುಮನಾಬಾದಿನಲ್ಲಿ ಕಂಪ್ಯೂಟರಿನಲ್ಲಿ ಮನೆ ಬರೆಯುವುದನ್ನು ಕಲಿಸುತ್ತಾರೆ, ಗೋಡೆ, ಕಿಟಕಿ, ಬಣ್ಣ ಎಲ್ಲ ಕಟ್ಟುವ ಮೊದಲೇ ತೋರಿಸಬಹುದು ಎಂದು ಕೇಳಿ ಉಸ್ತಾದರಿಗೆ ಹೇಳಿದೆ. ‘ದುನಿಯಾ ಮುಂದ ಹೊಂಟದ ಬೇಟಿ. ಹೋಗಿ ಕಲಿ’ ಎಂದರು.

ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಎರಡೇ ಕಂಪ್ಯೂಟರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ದಿನ ಮೌಸು ಮೇಜಿನ ಅಂಚು ದಾಟಿ ಕೆಳಗೆ ಬಿದ್ದಿತು, ನಾನು ಅದಕ್ಕೆ ‘ತಪ್ಪಾಯ್ತು’ ಎಂದೆ. ಜೊತೆಯ ಹುಡುಗಿಯರು ಒಂದು ವಾರ ನಕ್ಕರು. ಗೋಡೆ ಎಳೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ಬಂದಾಗ ಮನೆ ಮಾಯ. ಆದರೂ ಕಲಿತೆ. ನನ್ನ ಕೋಣೆಯೊಂದು ಮೊದಲ ಸಲ ಪರದೆಯ ಮೇಲೆ ಎದ್ದು ನಿಂತು ತಿರುಗಿದ ದಿನ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಬಾಯಿ ತೆರೆದರೆ ಜಂಬ ಹೊರಗೆ ಬೀಳುತ್ತದೆಂಬ ಭಯ.

ಆಗಲೇ ಶಿವರಾಜಪ್ಪನವರ ಕೆಲಸ ಬಂತು. ಊರೊಳಗೆ ಅವರದು ಬೇಳೆಕಾಳಿನ ಅಂಗಡಿ. ಹಿತ್ತಲಿನಲ್ಲಿ ಎರಡು ಕೋಣೆ ಕೂಡಿಸಬೇಕಿತ್ತು. ನಾನೊಬ್ಬಳೇ ಹೋಗಿ ಅರ್ಧ ಗಂಟೆಯಲ್ಲಿ ಅಳತೆ ತಂದೆ, ನಕ್ಷೆ ಮಾಡಿ ಬಣ್ಣದಲ್ಲಿ ಪ್ರಿಂಟು ತೆಗೆಸಿದೆ. ಅವರ ಪಡಸಾಲೆಯಲ್ಲಿ ಹಾಳೆ ಬಿಡಿಸಿದಾಗ ಮನೆಯವರೆಲ್ಲ ಬಗ್ಗಿ ನೋಡಿದರು. ಯಾರೂ ರಂಗೋಲಿ ಎನ್ನಲಿಲ್ಲ. ಶಿವರಾಜಪ್ಪನವರ ತಾಯಿ ಗುಂಡಮ್ಮ ಮಾತ್ರ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಚಲೋ ಅದ. ಹಗೇವು ಎಲ್ಲಿ? ತೋರ್ಸಿಲ್ಲಲ್ಲ?’

‘ಅಜ್ಜಿ, ಇದ್ರಾಗ ಹಳೇದೆಲ್ಲ ಬರಂಗಿಲ್ರಿ. ಮುಂದ ಕಟ್ಟೋದು ಅಷ್ಟೇ’ ಎಂದೆ. ಹೇಳಿ ನಕ್ಕೆ ಕೂಡ. ಮಗ ಇನ್ನೊಂದು ಹೆಜ್ಜೆ ಮುಂದೆ ಹೋದರು. ‘ನಮ್ಮಪ್ಪನ ಕಾಲದಾಗೇ ಅದಕ್ಕ ಮಣ್ಣು ತುಂಬ್ಯಾರವ್ವ. ಸುಮ್ಮಕ ಕೂಡು.’

ಮರುದಿನ ಉಸ್ತಾದರು ಪಿಲ್ಲರಿನ ಜಾಗಗಳಿಗೆ ಸುಣ್ಣದ ಗುರುತು ಹಾಕಿದರು. ಬಡಿಗೆ ಕೈಗೆತ್ತಿಕೊಂಡಾಗ ನಾನು ತಡೆದೆ. ‘ಇನ್ನು ಯಾಕ ಬಡೀತೀರಿ ಉಸ್ತಾದ್? ಕಂಪ್ಯೂಟರ್‌ನ್ಯಾಗ ಎಲ್ಲಾ ಬಂದದ’ ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ ಬಡಿಗೆಯನ್ನು ಗೋಡೆಗೆ ಒರಗಿಸಿದರು. ನನಗೆ ಬೇಜಾರಾಗಬಾರದೆಂದು ಹಾಗೆ ಮಾಡಿದರೆಂದು ಈಗ ಅನ್ನಿಸುತ್ತದೆ.

ಗುರುವಾರ ಅಗೆತ ಶುರು. ನನಗೆ ಅಂದು ಹುಮನಾಬಾದಿನಲ್ಲಿ ಪಾಠ. ಸರ್ ಪದರಗಳ ವಿಷಯ ಹೇಳುತ್ತಿದ್ದರು. ಗೋಡೆ ಒಂದು ಪದರ, ನಳದ ಪೈಪು ಒಂದು ಪದರ, ಬೇಡವಾದದ್ದನ್ನು ಆಫ್ ಮಾಡಬಹುದು. ‘ನೆನಪಿಡ್ರಿ, ಆಫ್ ಮಾಡಿದ್ರ ಕಾಣಂಗಿಲ್ಲ. ಆದ್ರ ಇರ್ತದ’ ಎಂದರು.

ಹಗೇವು ಎಲ್ಲಿ ಎಂದು ಅಜ್ಜಿ ಕೇಳಿದ್ದಳು. ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಈ ಹೊತ್ತಿಗೆ ಉಸ್ತಾದರು ಮೊದಲ ಗುಂಡಿಯೊಳಗೆ ನಿಂತಿರುತ್ತಾರೆ. ಮೊದಲ ಗುದ್ದಲಿ ಯಾವಾಗಲೂ ಅವರದೇ.

ಕೆಳಗಿಳಿದು ಎಸ್‌ಟಿಡಿ ಬೂತಿನಿಂದ ಶಿವರಾಜಪ್ಪನವರ ಅಂಗಡಿಗೆ ಫೋನು ಹಚ್ಚಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮೂರು ಸಲ ಹಚ್ಚಿದೆ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯ ಫೋನು ಯಾರೂ ಎತ್ತುವುದಿಲ್ಲವೆಂದರೆ ಏನರ್ಥ? ಬಸ್ಸು ಹತ್ತಿದೆ. ದಾರಿಯ ರಾಜೇಶ್ವರದಲ್ಲಿ ಡ್ರೈವರ್ ಇಳಿದು ಚಹಾ ಕುಡಿದ. ಅಷ್ಟು ನಿಧಾನವಾಗಿ ಚಹಾ ಕುಡಿದವನನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಕೂತಲ್ಲೇ ಉಸ್ತಾದರ ಹೆಂಡತಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ, ಒಂದೂ ಕೂಡಿ ಬರಲಿಲ್ಲ.

ಶಿವರಾಜಪ್ಪನವರ ಬಾಗಿಲು ತೆರೆದಿತ್ತು. ಹಿತ್ತಲಿನಲ್ಲಿ ಜನ ಗುಂಪಾಗಿದ್ದರು, ಅಂಗಡಿಯ ಆಳುಗಳೂ ಅಲ್ಲೇ. ನೂಕಿಕೊಂಡು ಹೋದೆ.

ಸುಣ್ಣದ ಗುರುತಿನ ಮೇಲೆ ಗುಂಡಮ್ಮ ಕೂತಿದ್ದಳು. ಚಾಪೆಯೂ ಇಲ್ಲದೆ, ಬಿಸಿಲಿನಲ್ಲಿ, ಬೆಳಗಿನಿಂದ. ಎದುರಿಗೆ ಉಸ್ತಾದರು ಗುದ್ದಲಿ ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತಿದ್ದರು. ಮಗ ಕೈಮುಗಿದು ದಣಿದಿದ್ದರು. ‘ಮೂರು ಸಲ ಹೇಳೀನಿ. ಮುದುಕಿ ಮಾತು ಯಾರು ಕೇಳ್ತೀರಿ? ಅದಕ್ಕ ಕುಂತೀನಿ. ಅಗೀಬೇಕಂದ್ರ ನನ್ನ ಮ್ಯಾಲೇ ಅಗೀರಿ’ ಎನ್ನುತ್ತಿದ್ದಳು.

ಉಸ್ತಾದರು ಬದುಕಿರುವುದನ್ನು ಕಂಡೆ. ನೇರ ಗೋಡೆಯ ಕಡೆ ಹೋಗಿ ಬಡಿಗೆ ತಂದು ಅವರ ಕೈಗೆ ಕೊಟ್ಟೆ. ಅವರು ಗುಂಡಮ್ಮನ ಕಡೆ ತಿರುಗಿದರು. ‘ಏಳ್ರಿ ಅಮ್ಮಾ, ನಿಮ್ಮ ಮಾತೇ ಖರೆ ಮಾಡೋಣ’ ಎಂದು ಆಕೆ ಎದ್ದ ಜಾಗದಲ್ಲಿ ಬಡಿದರು. ನೆಲ ಪೊಳ್ಳಾಗಿ ಸದ್ದು ಮಾಡಿತು.

ಬದಿಯಿಂದ ಮಣ್ಣು ಕೆದರಿ ಬಂಡೆ ಸರಿಸಿದಾಗ ಮುಗ್ಗಿದ ಜೋಳದ ವಾಸನೆ ಹಿತ್ತಲೆಲ್ಲ ತುಂಬಿತು. ಯಾರೂ ಅದಕ್ಕೆ ಮಣ್ಣು ತುಂಬಿರಲಿಲ್ಲ. ಗುಂಡಮ್ಮ ಹೇಳಿದಂತೆ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಒಂದಾಳು ಆಳ ಇಳಿಯುವ ಮೊದಲೇ ದೀಪ ಆರಿತು. ದೀಪಕ್ಕೇ ಗಾಳಿ ಸಾಲದ ಕಡೆ ಮನುಷ್ಯ ಉಳಿಯುವುದಿಲ್ಲ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ಉಸ್ತಾದರು ಬೈಯಲಿಲ್ಲ. ‘ಮಷೀನ್‌ದು ತಪ್ಪಿಲ್ಲ ಬೇಟಿ. ನೀ ಕೇಳಲಿಲ್ಲ, ನಾ ಬಡೀಲಿಲ್ಲ’ ಎಂದರು. ಗುಂಡಮ್ಮ ನನ್ನ ಹಾಳೆ ತರಿಸಿ, ಅದರ ಮೇಲೆ ಕಂದೀಲಿನ ಮಸಿಯಿಂದ ಬೆರಳಲ್ಲೇ ಒಂದು ದುಂಡನೆಯ ಗುರುತು ಹಾಕಿದಳು. ‘ಇಲ್ಲಿ ಅದ. ನಿನ್ನ ಕಂಪ್ಯೂಟರ್ ಪೆಟಗ್ಯಾಗ ಹಾಕ್ಕೋ’ ಎಂದಳು. ಪಿಲ್ಲರು ಜಾಗ ಬದಲಿಸಿತು, ಕೋಣೆಗಳೆದ್ದವು, ಅದೇ ಬೀದಿಯಲ್ಲಿ ನನಗೆ ಇನ್ನೂ ನಾಲ್ಕು ಮನೆ ಸಿಕ್ಕವು.

ಗುಂಡಮ್ಮ ಈಗಿಲ್ಲ, ಉಸ್ತಾದರೂ ಇಲ್ಲ. ಅವರ ಬಡಿಗೆ ನನ್ನಲ್ಲಿದೆ. ಅದನ್ನು ಎಷ್ಟು ಗೌರವದಿಂದ ಇಟ್ಟಿದ್ದೇನೆ ಗೊತ್ತೇ? ಎರಡು ವರ್ಷದಿಂದ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆ ಕೊಟ್ಟಿದ್ದೇನೆ.

ಡಬ್ಬಿ ಕೆಳಗಿಟ್ಟು ಹೊರಗೆ ಹೋದೆ. ಒದ್ದೆ ಬಟ್ಟೆ ಸರಿಸಿ ಬಡಿಗೆ ಬಿಡಿಸಿಕೊಂಡೆ. ಆಮೇಲೆ ಮಾಣಿಕನಗರಕ್ಕೆ ಫೋನು ಹಚ್ಚಿದೆ.

‘ನಕ್ಷೆ ಆತೇನ್ರಿ ಮೇಡಂ?’

‘ಇಲ್ರಿ. ನಾ ಇವತ್ತ ಬರಾಕತ್ತೇನಿ. ಮನ್ಯಾಗ ಹಿರ್ಯಾರು ಯಾರು ಅದಾರ?’

‘ನಮ್ಮವ್ವ ಅದಾಳ್ರಿ. ಆದ್ರ ಆಕಿಗಿ ಇದ್ರಾಗೇನು ತಿಳ್ಯಾಂಗಿಲ್ಲ.’

‘ಫೋನು ಆಕಿ ಕೈಯಾಗ ಕೊಡ್ರಿ’ ಎಂದೆ.